ಬೋರ್ ಕೊರೆದವರು ಹೋದ ಮೇಲೆ

ಹಳ್ಳಿಯ ಕೈಪಂಪು ನಿಂತುಹೋಯಿತು ಅಂದರೆ ನೀರು ಬತ್ತಿರಬೇಕು ಅಂತ ಹೆಚ್ಚಿನವರು ಅಂದುಕೊಳ್ಳುತ್ತಾರೆ. ಬತ್ತುವುದೂ ಉಂಟು. ಆದರೆ ಗ್ರಾಮೀಣ ನೀರಿನ ಕೆಲಸದಲ್ಲಿರುವ ನಾವು ಪಂಪು ಬಿಚ್ಚಿ ನೋಡಿದಾಗ ಎಷ್ಟೋ ಸಲ ಸಿಗುವುದು ಸವೆದ ಒಂದು ವಾಷರ್. ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಚಿಕ್ಕದು. ಅದು ಹೋದರೆ ಹಿಡಿ ಎಷ್ಟು ಒತ್ತಿದರೂ ನೀರು ಮೇಲೆ ಬರುವುದಿಲ್ಲ. ಹೆಂಗಸರು, ಮಕ್ಕಳು ಹಳದಿ ಕ್ಯಾನು ಹಿಡಿದು ಮತ್ತೆ ಕೆರೆಯ ದಾರಿ ಹಿಡಿಯುತ್ತಾರೆ.

ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಆಫ್ರಿಕಾ ದೇಶಗಳ ಲೆಕ್ಕ 2009ರಲ್ಲಿ ಹೊರಬಂದಾಗ ನೂರಕ್ಕೆ ಸುಮಾರು 36 ಕೈಪಂಪು ಕೆಟ್ಟು ನಿಂತಿದ್ದವು. ಆಮೇಲಿನ ಅಂದಾಜು ಸ್ವಲ್ಪ ವಾಸಿ, ನಾಲ್ಕರಲ್ಲಿ ಒಂದು.

ನಮ್ಮ ಊರುಗಳಲ್ಲಿ ಬೋರಿಂಗು ಅಂತೀವಲ್ಲ, ಆ ಇಂಡಿಯಾ ಮಾರ್ಕ್ 2 ಪಂಪೇ ಆಫ್ರಿಕಾದ ಸಾವಿರಾರು ಹಳ್ಳಿಗಳಲ್ಲೂ ಇದೆ. 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ಇಲ್ಲಿ ರೂಪುಗೊಂಡ ಗಟ್ಟಿಮುಟ್ಟಾದ ಪಂಪು. ಆದರೆ ಕೆಳಗಿನ ಸಿಲಿಂಡರ್ ರಿಪೇರಿ ಮಾಡಬೇಕಾದರೆ ಕಬ್ಬಿಣದ ಪೈಪುಗಳನ್ನೆಲ್ಲ ಮೇಲೆ ಎಳೆಯಬೇಕು. ಅದಕ್ಕೆ ತ್ರಿಪಾದ ಬೇಕು, ನುರಿತ ತಂಡ ಬೇಕು. ಪಶ್ಚಿಮ ಆಫ್ರಿಕಾದ ಹಲವು ಕಡೆ ಅಂತರ್ಜಲದಲ್ಲಿ ಆಮ್ಲದ ಗುಣ ಜಾಸ್ತಿ. ಅಲ್ಲಿ ಪೈಪು ಬೇಗ ತುಕ್ಕು ಹಿಡಿಯುತ್ತದೆ. ನೀರು ಕೆಂಪಗಾಗಿ ಕಬ್ಬಿಣದ ರುಚಿ ಬರುತ್ತದೆ, ಬಟ್ಟೆ ಕಲೆಯಾಗುತ್ತದೆ. ಪಂಪು ನಡೆಯುತ್ತಿದ್ದರೂ ಜನ ಅದರ ನೀರು ಕುಡಿಯುವುದಿಲ್ಲ.

ಕೆರೆ ನೀರಿಗೆ ಮರಳುವುದು ಅಂದರೆ ಏನು ಅಂತ ಉತ್ತರ ಕರ್ನಾಟಕದ ಹಿರಿಯರಿಗೆ ಬಿಡಿಸಿ ಹೇಳಬೇಕಿಲ್ಲ. ಮೆಟ್ಟಿಲ ಬಾವಿಯ ನೀರು ಕುಡಿದು, ವರ್ಷದ ಮೇಲೆ ಕಾಲಿನಿಂದ ಉದ್ದದ ಹುಳು ಹೊರಬರುವ ನಾರುಹುಣ್ಣನ್ನು ಅವರು ಕಂಡಿದ್ದಾರೆ. ಭಾರತ ಅದರಿಂದ ಮುಕ್ತವಾಗಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2000ದಲ್ಲಿ ಪ್ರಮಾಣಪತ್ರ ಕೊಟ್ಟಿತು. ಘಾನಾಕ್ಕೆ ಆ ಪ್ರಮಾಣಪತ್ರ ಸಿಕ್ಕಿದ್ದು 2015ರಲ್ಲಿ. ನೀರು ಸೋಸಿ ಕುಡಿಯುವುದು, ಹುಣ್ಣಿದ್ದವರು ಕೆರೆಗೆ ಇಳಿಯದಂತೆ ನೋಡಿಕೊಳ್ಳುವುದು, ಇವುಗಳ ಜೊತೆಗೆ ಕೊಳವೆ ಬಾವಿಗಳೂ ಆ ಕೆಲಸಕ್ಕೆ ಹೆಗಲು ಕೊಟ್ಟವು.

ರಿಪೇರಿ ಊರಿನವರ ಕೈಯಲ್ಲೇ ಆಗಬೇಕು ಅಂತ 1980ರ ದಶಕದಲ್ಲಿ ಮಲಾವಿ, ಕೆನ್ಯಾಗಳಲ್ಲಿ ರೂಪಿಸಿದ್ದು ಆಫ್ರಿಡೆವ್ ಪಂಪು. ಕೆನ್ಯಾದ ಕರಾವಳಿಯ ಕ್ವಾಲೆ ಜಿಲ್ಲೆಯ ಹಳ್ಳಿಗಳಲ್ಲಿ ಅದನ್ನು ಪರೀಕ್ಷಿಸಿ ತಿದ್ದಿದರು. ಇದರ ಪೈಪು ಪ್ಲಾಸ್ಟಿಕ್ಕಿನದು, ಅದನ್ನು ಅಲುಗಿಸುವ ಗೋಜೇ ಇಲ್ಲ. ಒಂದೇ ಒಂದು ಸ್ಪ್ಯಾನರ್‌ನಿಂದ ಮೇಲಿನ ಮುಚ್ಚಳ, ಹಿಡಿ ಬಿಚ್ಚಬೇಕು. ರಾಡುಗಳು ಕೊಕ್ಕೆಯಲ್ಲಿ ಒಂದಕ್ಕೊಂದು ಸಿಕ್ಕಿಕೊಂಡಿರುತ್ತವೆ. ಒಂದೊಂದೇ ಎಳೆದು ಕೊಕ್ಕೆ ಬಿಡಿಸುತ್ತ ಹೋದರೆ ಕೊನೆಗೆ ಪಿಸ್ಟನ್ ಪೈಪಿನೊಳಗಿಂದಲೇ ಮೇಲೆ ಬರುತ್ತದೆ. ಹಳೇ ವಾಷರ್ ತೆಗೆದು ಹೊಸದು ಕೂರಿಸಿ ಮತ್ತೆ ಇಳಿಸುವುದು. ಕಲಿತ ಹೆಂಗಸರು ಇಬ್ಬರು ಮೂವರು ಸೇರಿ ಇದನ್ನು ಮಾಡಿ ಮುಗಿಸುತ್ತಾರೆ. ಇದರಲ್ಲಿ ಭಾರ ಎತ್ತುವುದಕ್ಕಿಂತ ರಾಡು ಕೈಜಾರದಂತೆ ಹಿಡಿಯುವ ಎಚ್ಚರವೇ ಮುಖ್ಯ. ಜಾರಿತೋ, ಬೋರಿನೊಳಗೆ ಬಿದ್ದದ್ದನ್ನು ಹಿಡಿದು ತೆಗೆಯುವುದು ದೊಡ್ಡ ತಲೆನೋವು.

ಹಾಗಾದರೆ ಊರಿನ ನೀರಿನ ಸಮಿತಿ ಮಾಡಿ, ತರಬೇತಿ ಕೊಟ್ಟರೆ ಮುಗಿಯಿತಲ್ವಾ? ಇಲ್ಲ. ವಾಷರ್ ಸಿಗುವ ಅಂಗಡಿ ಹತ್ತಿರ ಇರಬೇಕು. ಸಮಿತಿಯ ಪೆಟ್ಟಿಗೆಯಲ್ಲಿ ದುಡ್ಡಿರಬೇಕು. ದುಡ್ಡಿನ ಮಾತು ಬಂದರೆ ಮಳೆಗಾಲವೇ ಕಷ್ಟ. ಕೆರೆಕಟ್ಟೆ ತುಂಬಿದಾಗ ಪಂಪಿನ ಕಡೆ ಬರುವವರು ಕಡಿಮೆಯಾಗುತ್ತಾರೆ, ಬಾರದವರು ದುಡ್ಡನ್ನೂ ಕೊಡುವುದಿಲ್ಲ. ಕೊಳೆಯೆಲ್ಲ ಕೊಚ್ಚಿ ಬಂದು ಕೆರೆ ಸೇರುವ ಕಾಲವೂ ಅದೇ. ಬೇಸಿಗೆಯಲ್ಲಿ ಪಂಪು ಕೆಟ್ಟಾಗ ಪೆಟ್ಟಿಗೆ ಖಾಲಿ.

‘ಇನ್ನು ಇದು ನಿಮ್ಮದು, ನೀವೇ ನೋಡಿಕೊಳ್ಳಿ’ ಅಂತ ಊರಿಗೆ ಒಪ್ಪಿಸಿ ಹೊರಟುಬಿಡುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ನಗರದಲ್ಲಿ ಯಾರಿಗೂ ನಿಮ್ಮ ನಲ್ಲಿಯ ಪೈಪ್‌ಲೈನ್ ನೀವೇ ರಿಪೇರಿ ಮಾಡಿಕೊಳ್ಳಿ ಅನ್ನುವುದಿಲ್ಲ. ಬಡ ಹಳ್ಳಿಯವರಿಗೆ ಮಾತ್ರ ಯಾಕೆ ಈ ಹೊರೆ?

ಕೆನ್ಯಾದ ಕಿಟುಯಿ ಪ್ರದೇಶದಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಬೇರೆ ದಾರಿ ಹಿಡಿದರು. ಪಂಪಿನ ಹಿಡಿಯೊಳಗೆ ಮೊಬೈಲ್ ಜಾಲದ ಮೂಲಕ ಸಂದೇಶ ಕಳಿಸುವ ಪುಟ್ಟ ಸಾಧನ ಇಟ್ಟರು. ಹಿಡಿ ಆಡುವುದು ನಿಂತರೆ ಸುದ್ದಿ ಹೋಗುತ್ತದೆ, ಮೆಕ್ಯಾನಿಕ್ ಬೈಕ್ ಹತ್ತುತ್ತಾನೆ. ಮೊದಲು ಕೆಟ್ಟ ಪಂಪು ಸರಿಹೋಗಲು ಸರಾಸರಿ 27 ದಿನ ಹಿಡಿಯುತ್ತಿತ್ತು. ಅದು 3 ದಿನಕ್ಕೆ ಇಳಿಯಿತು. ಇದರಿಂದ ಬೆಳೆದ ಫುಂಡಿಫಿಕ್ಸ್ ಎಂಬ ರಿಪೇರಿ ಸಂಸ್ಥೆ ಕಿಟುಯಿ, ಕ್ವಾಲೆ ಎರಡೂ ಕಡೆ ಕೆಲಸ ಮಾಡಿದೆ. ಊರಿನ ಸಮಿತಿ ಇದ್ದೇ ಇರುತ್ತದೆ, ತಿಂಗಳ ವಂತಿಗೆ ಕಟ್ಟುತ್ತದೆ. ಆ ವಂತಿಗೆಯಿಂದ ಪೂರ್ತಿ ಖರ್ಚು ಹುಟ್ಟುವುದಿಲ್ಲ, ಸಾಲದ್ದನ್ನು ಒಂದು ಟ್ರಸ್ಟ್ ನಿಧಿ ತುಂಬುತ್ತದೆ. ಇದನ್ನು ಕೆಲವರು ಸೋಲು ಅನ್ನುತ್ತಾರೆ. ನನಗೆ ಇದು ಪ್ರಾಮಾಣಿಕ ಲೆಕ್ಕ. ಕುಡಿಯುವ ನೀರಿಗೆ ಜಗತ್ತಿನ ಬಹುತೇಕ ಕಡೆ ಸರ್ಕಾರಗಳು ಸಹಾಯಧನ ಕೊಡುತ್ತವೆ.

ಹೊರದೇಶದ ಕನ್ನಡ ಸಂಘಗಳಾಗಲಿ, ಬೇರೆ ಯಾರೇ ಆಗಲಿ ಆಫ್ರಿಕಾದಲ್ಲಿ ಬಾವಿ ತೋಡಿಸಲು ಹಣ ಕೂಡಿಸುವಾಗ ಹತ್ತಿರದ ಮೆಕ್ಯಾನಿಕ್ ಎಷ್ಟು ದೂರದಲ್ಲಿದ್ದಾನೆ, ಬಿಡಿಭಾಗ ಎಲ್ಲಿ ಸಿಗುತ್ತದೆ, ಐದನೇ ವರ್ಷದ ರಿಪೇರಿಗೆ ದುಡ್ಡು ಯಾರದು ಅಂತ ಮೊದಲೇ ಕೇಳಿಕೊಳ್ಳಿ. ಸರಿಯಾದ ಉತ್ತರ ಬಾರದಿದ್ದರೆ ಹೊಸ ಬೋರ್ ಕೊರೆಸಬೇಡಿ, ಅದೇ ಸುತ್ತಮುತ್ತ ಕೆಟ್ಟು ನಿಂತ ಪಂಪುಗಳ ರಿಪೇರಿಗೆ ಆ ಹಣ ಕೊಡಿ.