ಪದ ಪರಿಚಯ: ಫುಡ್ ಸೇಫ್ ರೆಸಿನ್

ದಾವಣಗೆರೆಯಲ್ಲಿ ಮನೆ ಕಟ್ಟಿಸಿದ ಯಾರನ್ನೇ ಕೇಳಿ, ‘ಕ್ಯೂರಿಂಗ್’ ಅಂದರೆ ಗೊತ್ತಿರುತ್ತದೆ. ಆರ್‌ಸಿಸಿ ಹಾಕಿದ ಮರುದಿನ ಮೇಸ್ತ್ರಿ ಸುತ್ತ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸುತ್ತಾರೆ. ಮುಟ್ಟಿದರೆ ಕಲ್ಲು, ಆದರೂ ಸೆಂಟ್ರಿಂಗ್ ಬಿಚ್ಚಲು ಬಿಡುವುದಿಲ್ಲ. ಒಳಗೆ ಇನ್ನೂ ಕೆಲಸ ನಡೆಯುತ್ತಿದೆ ಎಂದು ಅವರಿಗೆ ಗೊತ್ತು. ಒಣಗುವುದು ಬೇರೆ, ಕ್ಯೂರ್ ಆಗುವುದು ಬೇರೆ. ರೆಸಿನ್‌ನಲ್ಲಿ ಟ್ರೇ, ಲೋಟದಡಿ ಇಡುವ ಕೋಸ್ಟರ್, ಬಟ್ಟಲು ಮಾಡುವವರು ದಿನಾ ಬಳಸುವ ‘ಫುಡ್ ಸೇಫ್’ ಎಂಬ ಮಾತಿನ ಅರ್ಥವೂ ಇಲ್ಲಿಂದಲೇ ಶುರು.

ರೆಸಿನ್‌ಗೆ ನಮ್ಮಲ್ಲಿ ರಾಳ ಎಂಬ ಹಳೆಯ ಪದವಿದೆ, ಮರದಿಂದ ಒಸರುವ ಅಂಟು. ಈಗ ನಾವು ಅಚ್ಚಿಗೆ ಸುರಿಯುವುದು ಎಪಾಕ್ಸಿ, ಕಾರ್ಖಾನೆಯ ರಾಳ. ಎರಡು ಬಾಟಲಿ ಬರುತ್ತವೆ: ಒಂದು ರೆಸಿನ್, ಇನ್ನೊಂದು ಅದನ್ನು ಗಟ್ಟಿ ಮಾಡುವ ಹಾರ್ಡ್ನರ್. ಎರಡರ ಅಣುಗಳೂ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಬಲೆಯಾದಾಗ ಗಟ್ಟಿಯಾಗುತ್ತದೆ, ಎಪಾಕ್ಸಿ ಕ್ಯೂರ್ ಆಗುವುದೆಂದರೆ ಇದೇ. ಕೊಂಡಿ ಸಿಗದೆ ಉಳಿದದ್ದು ಆಮೇಲೆ ಊಟಕ್ಕೆ ಇಳಿಯಬಹುದು. ಹಾಗಾಗಿ ಫುಡ್ ಸೇಫ್ ಎನ್ನುವುದು ಬಾಟಲಿಯ ಗುಣವಲ್ಲ, ಅಳತೆ ತಪ್ಪದೆ ಬೆರೆಸಿ ಪೂರ್ತಿ ಕ್ಯೂರ್ ಆದ ವಸ್ತುವಿನ ಗುಣ. ದ್ರವವಾಗಿರುವಾಗ ಯಾವ ಎಪಾಕ್ಸಿಯೂ ಸೇಫ್ ಅಲ್ಲ, ಕೈಗೆ ಗ್ಲೌಸ್ ಬೇಕೇ ಬೇಕು.

ನಾನು ಮೊದಲು ಮಾಡಿದ ಸಾಗುವಾನಿ ಟ್ರೇಗೆ, ಬೇಗ ಗಟ್ಟಿಯಾಗಲಿ ಎಂದು ಹಾರ್ಡ್ನರ್ ಒಂದು ಕೈ ಹೆಚ್ಚೇ ಹಾಕಿದ್ದೆ. ತಿಂಗಳಾದರೂ ಒಂದು ಮೂಲೆ ಬೆರಳಿಗೆ ಜಿಗುಟುತ್ತಿತ್ತು. ಎಪಾಕ್ಸಿಯಲ್ಲಿ ಹೆಚ್ಚು ಹಾಕಿದ ಹಾರ್ಡ್ನರ್‌ಗೆ ಜೋಡಿ ಸಿಗದು, ಅದು ಹಾಗೇ ಉಳಿಯುತ್ತದೆ. ಈಗ ತಕ್ಕಡಿ ಇಲ್ಲದೆ ಬೆರೆಸುವುದಿಲ್ಲ. 24 ಗಂಟೆಗೆ ಅಚ್ಚಿನಿಂದ ತೆಗೆಯಬಹುದು, ನಿಜ. ಪೂರ್ತಿ ಕ್ಯೂರ್‌ಗೆ ಉತ್ಪನ್ನ ನೋಡಿಕೊಂಡು 7 ದಿನದಿಂದ 30 ದಿನ ಬೇಕು, ಚಳಿಗಾಲದಲ್ಲಿ ಇನ್ನೂ ನಿಧಾನ.

ಲೇಬಲ್ ಓದುವಾಗ ‘ನಾನ್ ಟಾಕ್ಸಿಕ್’ (ವಿಷವಲ್ಲ) ಎಂಬ ಮಾತಿಗೆ ಮರುಳಾಗಬೇಡಿ. ಅದರ ಜೊತೆ ಕಾಣುವ ಎಎಸ್‌ಟಿಎಂ ಡಿ-4236 ಎಂಬ ಮಾನದಂಡ ಕಲಾ ಸಾಮಗ್ರಿಯ ಲೇಬಲ್‌ಗೆ ಸಂಬಂಧಿಸಿದ್ದು. ಊಟದ ಮಾತೇ ಅಲ್ಲಿಲ್ಲ. ಆಹಾರ ಮುಟ್ಟುವ ಲೇಪನಗಳಿಗೆ ಅಮೆರಿಕದ ಆಹಾರ-ಔಷಧ ಸಂಸ್ಥೆ ಎಫ್‌ಡಿಎಯ ನಿಯಮ 21 ಸಿಎಫ್‌ಆರ್ 175.300. ಅದರಲ್ಲಿ ಬಳಸಬಹುದಾದ ವಸ್ತುಗಳ ಪಟ್ಟಿಯಿದೆ, ಎಷ್ಟು ಅಂಶ ಹೊರಬರಬಹುದು ಎಂಬ ಮಿತಿಯಿದೆ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2018ರ ಪ್ಯಾಕೇಜಿಂಗ್ ನಿಯಮದಲ್ಲಿ ಪ್ಲಾಸ್ಟಿಕ್‌ನಿಂದ ಆಹಾರಕ್ಕೆ ಸೋರುವ ಒಟ್ಟು ಅಂಶ ಕಿಲೋ ಆಹಾರಕ್ಕೆ 60 ಮಿಲಿಗ್ರಾಂ ಮೀರಬಾರದು. ರೆಸಿನ್ ಮಾರುವವರಲ್ಲಿ ಕೇಳಬೇಕಾದದ್ದು ಈ ಸೋರಿಕೆ ಮಿತಿಯೊಳಗಿದೆಯೇ ಎಂಬ ಪರೀಕ್ಷೆಯ ವರದಿ. ಕೊಡದಿದ್ದರೆ ಅದರಲ್ಲಿ ಗೋಡೆ ಗಡಿಯಾರ ಮಾಡಿ, ತಟ್ಟೆ ಬೇಡ. ಇನ್ನೊಂದು ಮಾತು: ವರದಿ ಬರೀ ರೆಸಿನ್‌ಗೆ. ಅದಕ್ಕೆ ನೀವು ಗ್ಲಿಟರ್, ಬಣ್ಣದ ಪುಡಿ ಬೆರೆಸಿದ ಮೇಲೆ ಆ ಕಾಗದ ನಿಮ್ಮ ವಸ್ತುವಿಗೆ ಅನ್ವಯಿಸುವುದಿಲ್ಲ. ನೇರಳಾತೀತ ಬೆಳಕು ಬಿದ್ದಾಗ ಗಟ್ಟಿಯಾಗುವ ಯುವಿ ರೆಸಿನ್ ಅನ್ನಂತೂ ನಾನು ಊಟದ ಹತ್ತಿರ ತರುವುದೇ ಇಲ್ಲ.

ನಮ್ಮೂರಿನ ಊಟಕ್ಕೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಬಿಸಿ. ಕರಕುಶಲಕ್ಕೆ ಸಿಗುವ ಬಹಳಷ್ಟು ಎಪಾಕ್ಸಿ 50–60 ಡಿಗ್ರಿಗೇ ಮೆತ್ತಗಾಗತೊಡಗುತ್ತದೆ. ಚೆನ್ನಾಗಿ ಕ್ಯೂರ್ ಆಗಿದ್ದ ನನ್ನ ಎರಡನೇ ಟ್ರೇ ಮೇಲೆ ಒಮ್ಮೆ ಕಾವಲಿಯಿಂದ ತೆಗೆದ ಬೆಣ್ಣೆ ದೋಸೆಯನ್ನು ನೇರ ಇಟ್ಟೆ. ದೋಸೆ ಎತ್ತಿದಾಗ ಅದರ ಅಂಚಿನ ಗೆರೆ ರೆಸಿನ್‌ನಲ್ಲಿ ಮೂಡಿತ್ತು, ಬೆಣ್ಣೆ ಕರಗಿ ಆ ಗೆರೆಯಲ್ಲೇ ನಿಂತಿತ್ತು. ಆ ದೋಸೆಯನ್ನು ಮಗಳಿಗೆ ಕೊಡಲು ಮನಸ್ಸು ಬರಲಿಲ್ಲ. ಬಿಸಿಯ ಜೊತೆ ಎಣ್ಣೆ, ಹುಣಸೆಹುಳಿ, ನಿಂಬೆಹುಳಿ ಸೇರಿದರೆ ಸೋರಿಕೆ ಹೆಚ್ಚು. ಚಾಕು ಆಡಿಸಿದರೆ ಗೀರು ಬಿದ್ದು ಪುಡಿಯೇ ಬಾಯಿಗೆ ಹೋಗುತ್ತದೆ.

ಮಂಡಕ್ಕಿ, ಬಿಸ್ಕತ್ತು, ಸಿಪ್ಪೆಯಿರುವ ಬಾಳೆಹಣ್ಣು ಸ್ವಲ್ಪ ಹೊತ್ತು ಇಡಲು ಒಳ್ಳೆಯ ರೆಸಿನ್ ಟ್ರೇ ಧಾರಾಳ ಸಾಕು. ಮಿರ್ಚಿಗೆ, ಬಿಸಿ ಚಹಾಕ್ಕೆ ಅಲ್ಲ. ಈಗ ನಾನು ರೆಸಿನ್ ಸುರಿಯುವುದು ಟ್ರೇಯ ಅಂಚಿಗೆ, ಹಿಡಿಗಳಿಗೆ ಮಾತ್ರ. ನಡುವೆ ದೋಸೆ ಕೂರುವ ಜಾಗದಲ್ಲಿ ಬರೀ ಸಾಗುವಾನಿ, ಅದಕ್ಕೆ ಜೇನುಮೇಣದ ಒಂದು ತೆಳು ಲೇಪ, ಬಡಿಸುವಾಗ ಮೇಲೊಂದು ಬಾಳೆಎಲೆ.