ಯಾರ ಕೈಗೂ ಬಾರದ ಖಡ್ಗ: ಅಟಾರಿ ಸ್ಪರ್ಧೆ ಎಡವಿದ್ದೆಲ್ಲಿ?

1982ರಲ್ಲಿ ಅಮೆರಿಕದ ಅಟಾರಿ ಕಂಪನಿ ‘ಸ್ವೋರ್ಡ್‌ಕ್ವೆಸ್ಟ್’ ಎಂಬ ನಾಲ್ಕು ವಿಡಿಯೋ ಆಟಗಳ ಸರಣಿ ಶುರುಮಾಡಿ, ಒಟ್ಟು 1.5 ಲಕ್ಷ ಡಾಲರ್ ಮೌಲ್ಯದ ಐದು ಬಹುಮಾನ ಘೋಷಿಸಿತು. ಪ್ರತಿ ಆಟದ ವಿಜೇತರಿಗೆ 25,000 ಡಾಲರಿನ ಒಡವೆ. ಆ ನಾಲ್ವರ ಅಂತಿಮ ಸುತ್ತಿನಲ್ಲಿ ಗೆದ್ದವರಿಗೆ 50,000 ಡಾಲರಿನ ಖಡ್ಗ.

ಮೊದಲ ಆಟ ‘ಅರ್ತ್‌ವರ್ಲ್ಡ್’ನ ಒಗಟು ಅಚ್ಚುಕಟ್ಟಾಗಿತ್ತು. 12 ರಾಶಿಗಳ ಹೆಸರಿನ ಕೋಣೆಗಳಲ್ಲಿ ಸರಿಯಾದ ವಸ್ತುಗಳನ್ನಿಟ್ಟರೆ ತೆರೆಯ ಮೇಲೆ ಎರಡು ಅಂಕಿ ಮೂಡುತ್ತಿದ್ದವು. ಒಂದು, ಜೊತೆಗೆ ಕೊಟ್ಟ ಕಾಮಿಕ್ಸ್‌ನ ಪುಟ. ಇನ್ನೊಂದು, ಆ ಪುಟದ ಚೌಕ. ಅಲ್ಲಿನ ಚಿತ್ರದಲ್ಲೊಂದು ಪದ ಅಡಗಿರುತ್ತಿತ್ತು. ಹೀಗೆ 10 ಪದ ಸಿಕ್ಕರೂ ಬೇಕಾದವು 5 ಮಾತ್ರ. ಯಾವ ಐದು? ಕಾಮಿಕ್ಸ್‌ನ ಪದ್ಯದಲ್ಲಿ ‘ಅವಿಭಾಜ್ಯ’, ‘ಸಂಖ್ಯೆ’ ಎಂಬರ್ಥದ ಇಂಗ್ಲಿಷ್ ಪದಗಳು ನೇರಳೆ ಬಣ್ಣದಲ್ಲಿ ಅಚ್ಚಾಗಿದ್ದವು. ಅವಿಭಾಜ್ಯ ಸಂಖ್ಯೆಯ ಪುಟಗಳ ಪದಗಳಷ್ಟೇ ಲೆಕ್ಕಕ್ಕೆ. ಸರಿಯುತ್ತರ ಬರೆದವರು 8 ಮಂದಿ. ಸ್ಪರ್ಧೆಗೆಂದೇ ಸಿದ್ಧಪಡಿಸಿದ ಆಟವಾಡಿಸಿ ಅವರಲ್ಲಿ ಒಬ್ಬರನ್ನು ಆರಿಸಿದರು. ಇದರಲ್ಲಿ ಆಕ್ಷೇಪಿಸುವಂಥದ್ದೇನೂ ಇಲ್ಲ.

‘ಫೈರ್‌ವರ್ಲ್ಡ್’ಗೆ ಸರಿಯುತ್ತರಗಳು 73 ಬಂದವು, ಅಂತಿಮ ಸುತ್ತಿನಲ್ಲಿ ಜಾಗವಿದ್ದದ್ದು 50. ಆಟದಲ್ಲಿ ಇಷ್ಟವಾದದ್ದೇನೆಂದು ಬರೆಸಿ 23 ಜನರನ್ನು ಕೈಬಿಟ್ಟರು. ಒಗಟು ಬಿಡಿಸಿದವರನ್ನು ಹೊಗಳಿಕೆಯ ಬರಹದ ಮೇಲೆ ಅಳೆದದ್ದು ನನ್ನ ದೃಷ್ಟಿಯಲ್ಲಿ ಅನ್ಯಾಯ. ಸಮಬಲವಾದರೆ ಇನ್ನೊಂದು ಒಗಟು ಕೊಡಬಹುದಿತ್ತು. ಅದಕ್ಕೆ ಉತ್ತರ ಸರಿ, ಇಲ್ಲವೇ ತಪ್ಪು.

ಮೂರನೆಯ ‘ವಾಟರ್‌ವರ್ಲ್ಡ್’ ಅಟಾರಿ ಕ್ಲಬ್ಬಿನ ಮೂಲಕ ಮಾರಾಟವಾಯಿತು; ಆಟವೇ ಎಲ್ಲರ ಕೈಗೆಟುಕಲಿಲ್ಲ. ನಾಲ್ಕನೆಯದು ಆಗ ಬರಲೇ ಇಲ್ಲ. 1984ರ ಜುಲೈನಲ್ಲಿ ಅಟಾರಿಯ ಒಡೆಯನಾಗಿದ್ದ ವಾರ್ನರ್ ಸಂಸ್ಥೆ ಅದರ ಮನೆಬಳಕೆಯ ಆಟ, ಕಂಪ್ಯೂಟರ್ ವಿಭಾಗವನ್ನು ಉದ್ಯಮಿ ಜ್ಯಾಕ್ ಟ್ರಾಮಿಯಲ್‌ಗೆ ಮಾರಿತು, ಸ್ಪರ್ಧೆ ನಿಂತಿತು. ಖಡ್ಗಕ್ಕಾಗಿ ಸೆಣಸುವ ಹಕ್ಕು ಗೆದ್ದವರಿಗೆ ಆ ಸುತ್ತೇ ಇಲ್ಲವಾಯಿತು.

ಇಂಥ ಭರವಸೆಗೆ ಕಾನೂನಿನ ಕಾವಲು ಇಲ್ಲವೇ? ಅಮೆರಿಕದ ನ್ಯೂಯಾರ್ಕ್, ಫ್ಲಾರಿಡಾಗಳಲ್ಲಿ 5,000 ಡಾಲರ್ ಮೀರಿದ ಬಹುಮಾನದ ಲಕ್ಕಿ ಡ್ರಾ ನಡೆಸುವವರು ಮೊದಲೇ ನೋಂದಾಯಿಸಿ, ಬಹುಮಾನದ ಮೊತ್ತಕ್ಕೆ ಬಾಂಡ್ ಅಥವಾ ಪ್ರತ್ಯೇಕ ಖಾತೆಯ ಭದ್ರತೆ ಕೊಡಬೇಕು. ಆ ಕಟ್ಟಳೆ ಅದೃಷ್ಟದ ಆಟಗಳಿಗೆ. ಜಾಣ್ಮೆಯ ಸ್ಪರ್ಧೆ ಅದರಿಂದ ಹೊರಗೆ. ಹಾಗಾಗಿ ಇಂಥ ಸ್ಪರ್ಧೆಯ ನಿಯಮಗಳಲ್ಲಿ ನೋಡಬೇಕಾದದ್ದು: ಸಮಬಲವಾದರೆ ಆಯ್ಕೆ ಹೇಗೆ, ಬಹುಮಾನ ಯಾರ ವಶದಲ್ಲಿದೆ, ಕಂಪನಿ ಕೈಬದಲಾದರೆ ಹೊಣೆ ಯಾರದು.

ಮೂರು ದಶಕದ ಬಳಿಕವೂ ಕಥೆ ಅದೇ. ಬ್ರಿಟನ್ನಿನ 22ಕ್ಯಾನ್ಸ್ ಕಂಪನಿಯ ‘ಕ್ಯೂರಿಯಾಸಿಟಿ’ ಆಟದಲ್ಲಿ 2013ರ ಮೇ ತಿಂಗಳಲ್ಲಿ ಗೆದ್ದ ಯುವಕನಿಗೆ ‘ಗಾಡಸ್’ ಎಂಬ ಮುಂದಿನ ಆಟದ ಆದಾಯದಲ್ಲಿ ಪಾಲು ಎಂದಿದ್ದರು. ಆ ಪಾಲು ಗಾಡಸ್‌ನಲ್ಲಿ ಇನ್ನೂ ಸಿದ್ಧವಾಗದ ಬಹುಆಟಗಾರರ ಭಾಗಕ್ಕೆ ಗಂಟುಬಿದ್ದಿತ್ತು. 2015ರ ಫೆಬ್ರವರಿಯಲ್ಲಿ ಯೂರೋಗೇಮರ್ ಎಂಬ ಆಟಗಳ ಸುದ್ದಿತಾಣ ವಿಚಾರಿಸಿದಾಗಲೂ ಅವನಿಗೆ ಬಿಡಿಗಾಸು ಬಂದಿರಲಿಲ್ಲ.