ಹೆರಿಗೆಯ ಹೊತ್ತಿನ ಒಂದು ಮಾತ್ರೆಯಿಂದ ತಾಯಿಯ ಆಜೀವ ಚಿಕಿತ್ಸೆಯವರೆಗೆ

ಎಚ್‌ಐವಿ ಇರುವ ತಾಯಿಗೆ ಹುಟ್ಟುವ ಮಗುವಿಗೂ ಸೋಂಕು ತಪ್ಪಿದ್ದಲ್ಲ ಎಂದು ನಂಬಿದವರು ಇಂದಿಗೂ ಇದ್ದಾರೆ. ಯಾವ ಔಷಧವನ್ನೂ ಕೊಡದಿದ್ದಾಗಲೂ ಸೋಂಕು ದಾಟುವುದು ಶೇ. 15ರಿಂದ 45ರಷ್ಟು ಪ್ರಕರಣಗಳಲ್ಲಿ ಮಾತ್ರ. ಗರ್ಭದಲ್ಲಿ ತಾಯಿ ಮತ್ತು ಮಗುವಿನ ರಕ್ತ ನೇರವಾಗಿ ಬೆರೆಯದಂತೆ ಮಾಸು ತಡೆಯುತ್ತದೆ. ಹೆರಿಗೆಯಲ್ಲಿ ಮಗು ತಾಯಿಯ ರಕ್ತ ಮತ್ತು ಸ್ರಾವಗಳ ಸಂಪರ್ಕಕ್ಕೆ ಬಂದಾಗ ಅಪಾಯ ಏರುತ್ತದೆ, ಮುಂದೆ ಎದೆಹಾಲಿನ ಮೂಲಕವೂ ಅದು ಉಳಿಯುತ್ತದೆ. ಈ ಮೂರೂ ಹಂತಗಳಲ್ಲಿ ನಿರ್ಣಾಯಕವಾದುದು ತಾಯಿಯ ರಕ್ತದಲ್ಲಿರುವ ವೈರಸ್ ಪ್ರಮಾಣ, ಅಂದರೆ ವೈರಲ್ ಲೋಡ್.

ಅಮೆರಿಕ ಮತ್ತು ಫ್ರಾನ್ಸ್‌ನಲ್ಲಿ ನಡೆದು 1994ರಲ್ಲಿ ಪ್ರಕಟವಾದ ಪ್ರಯೋಗವೊಂದು, ಗರ್ಭಿಣಿಗೂ ನವಜಾತ ಶಿಶುವಿಗೂ ಜಿಡೊವುಡಿನ್ ಎಂಬ ಎಚ್‌ಐವಿ ಔಷಧ ಕೊಟ್ಟರೆ ಸೋಂಕು ಶೇ. 25ರಿಂದ ಸುಮಾರು 8ಕ್ಕೆ ಇಳಿಯುತ್ತದೆಂದು ತೋರಿಸಿತು. ಆದರೆ ತಿಂಗಳುಗಟ್ಟಲೆ ನಡೆಯುವ ಆ ದುಬಾರಿ ಕ್ರಮ ಬಡ ದೇಶಗಳ ಕೈಗೆಟುಕುವಂತಿರಲಿಲ್ಲ. 1999ರಲ್ಲಿ ಉಗಾಂಡಾದ ಅಧ್ಯಯನವೊಂದು ಇದಕ್ಕೆ ಅಗ್ಗದ ಉತ್ತರ ಕೊಟ್ಟಿತು: ನೋವು ಶುರುವಾದಾಗ ತಾಯಿಗೆ ನೆವಿರಪಿನ್‌ನ ಒಂದು ಮಾತ್ರೆ, ಹುಟ್ಟಿದ 72 ಗಂಟೆಗಳೊಳಗೆ ಮಗುವಿಗೆ ಒಂದು ಡೋಸ್. ಭಾರತವೂ ಅದನ್ನೇ ಅನುಸರಿಸಿತು. ಅಸಂಖ್ಯ ಮಕ್ಕಳನ್ನು ಉಳಿಸಿದ ಈ ವಿಧಾನದಲ್ಲಿ ತಾಯಿಯ ಸ್ವಂತ ಕಾಯಿಲೆಗೆ ಮದ್ದಿರಲಿಲ್ಲ ಎಂಬುದನ್ನು ಮರೆಯಬಾರದು. ಅಷ್ಟೇ ಅಲ್ಲ, ಆ ಒಂದೇ ಮಾತ್ರೆಯಿಂದ ಹಲವು ತಾಯಂದಿರ ದೇಹದಲ್ಲಿ ಔಷಧಕ್ಕೆ ಬಗ್ಗದ ವೈರಸ್ ಬೆಳೆದು, ಅವರ ಮುಂದಿನ ಚಿಕಿತ್ಸೆಯೇ ಕಠಿಣವಾಯಿತು.

2012ರಲ್ಲಿ ಕರ್ನಾಟಕವೂ ಸೇರಿದಂತೆ ದಕ್ಷಿಣದ ರಾಜ್ಯಗಳಲ್ಲಿ ಬಹು-ಔಷಧ ಕ್ರಮ ಆರಂಭವಾಯಿತು. 2014ರಿಂದ ದೇಶದಾದ್ಯಂತ, ಸೋಂಕಿರುವ ಪ್ರತಿ ಗರ್ಭಿಣಿಗೂ ಆಕೆಯ ರೋಗನಿರೋಧಕ ಶಕ್ತಿ ಎಷ್ಟೇ ಇರಲಿ, ಜೀವನಪೂರ್ತಿ ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತ್ತಿಕ್ಕುವ ಔಷಧಗಳ ಚಿಕಿತ್ಸೆ, ಕೊಡುವ ನೀತಿ ಬಂತು. ತಾಯಿಯ ವೈರಲ್ ಲೋಡ್ ತಗ್ಗಿ, ಮಗುವಿಗೂ ಕೆಲವು ವಾರ ಔಷಧ ದೊರೆತರೆ, ಎದೆಹಾಲುಣಿಸುವ ಸಮುದಾಯಗಳಲ್ಲೂ ಸೋಂಕು ದಾಟುವ ಪ್ರಮಾಣ ಶೇ. 5ಕ್ಕಿಂತ ಕೆಳಗಿಳಿಯುತ್ತದೆ.

ಮಗುವಿನ ಆಹಾರದ ವಿಷಯದಲ್ಲಿ ಮನೆಯ ಹಿರಿಯರ ಸಲಹೆ ಕೆಲವೊಮ್ಮೆ ತೊಡಕಾಗುತ್ತದೆ. ಮೊದಲ ಆರು ತಿಂಗಳು ಎದೆಹಾಲು ಮಾತ್ರ ಕೊಡಬೇಕು; ಜೇನು ನೆಕ್ಕಿಸುವುದು, ನಡುವೆ ಹಸುವಿನ ಹಾಲು ಕುಡಿಸುವುದು ಸಲ್ಲದು. ತಾಯಿ ಚಿಕಿತ್ಸೆಯಲ್ಲಿಲ್ಲದಿದ್ದ ಕಾಲದ ಅಧ್ಯಯನಗಳಲ್ಲೇ, ಬರೀ ಎದೆಹಾಲು ಕುಡಿದ ಮಕ್ಕಳಿಗಿಂತ ಮಿಶ್ರ ಆಹಾರ ಪಡೆದವರಲ್ಲಿ ಸೋಂಕು ಹೆಚ್ಚು ಕಂಡಿತ್ತು. ಹೊರಗಿನ ಆಹಾರದಿಂದ ಎಳೆಗರುಳಿನ ಒಳಪದರಕ್ಕೆ ಆಗುವ ಹಾನಿ ಇದಕ್ಕೆ ಕಾರಣವೆಂದು ಭಾವಿಸಲಾಗಿದೆ.

ಹುಟ್ಟಿದ ಮಗುವಿನಲ್ಲಿ ತಾಯಿಯ ಪ್ರತಿಕಾಯಗಳು 18 ತಿಂಗಳವರೆಗೂ ಉಳಿಯಬಹುದಾದ್ದರಿಂದ, ಪ್ರತಿಕಾಯಗಳನ್ನೇ ಹುಡುಕುವ ಸಾಮಾನ್ಯ ರಕ್ತಪರೀಕ್ಷೆ ದಾರಿ ತಪ್ಪಿಸುತ್ತದೆ. ಆದಕಾರಣ ಆರನೇ ವಾರದಲ್ಲಿ ಹಿಮ್ಮಡಿಯಿಂದ ಕೆಲವು ಹನಿ ರಕ್ತವನ್ನು ವಿಶೇಷ ಕಾಗದದ ಮೇಲೆ ಒಣಗಿಸಿ, ವೈರಸ್‌ನ ವಂಶವಾಹಿಯನ್ನೇ ಹುಡುಕುವ ಪಿಸಿಆರ್ ಪರೀಕ್ಷೆಗೆ ಕಳಿಸುತ್ತಾರೆ.

ಇಷ್ಟೆಲ್ಲ ಇದ್ದರೂ ಕೊಂಡಿ ಕಳಚುವ ಸಂದರ್ಭಗಳಿವೆ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ಹೆಣ್ಣುಮಗಳು ತನ್ನ ಎಆರ್‌ಟಿ ಕೇಂದ್ರದಿಂದ ದೂರವಾಗುತ್ತಾಳೆ; ಅಷ್ಟು ದಿನಗಳ ಮಾತ್ರೆಯನ್ನು ಮೊದಲೇ ಪಡೆದು, ತವರಿನ ಹತ್ತಿರದ ಕೇಂದ್ರಕ್ಕೂ ಮಾಹಿತಿ ತಲುಪುವಂತೆ ನೋಡಿಕೊಳ್ಳಬೇಕು. ಇನ್ನೊಂದು ಸಂದರ್ಭ ಸುಲಭವಾಗಿ ಕಣ್ತಪ್ಪುತ್ತದೆ: ಮೊದಲ ಪರೀಕ್ಷೆಯಲ್ಲಿ ಸೋಂಕಿಲ್ಲವೆಂದು ಬಂದ ಮೇಲೆ, ಗಂಡನಿಂದ ಗರ್ಭಾವಸ್ಥೆಯಲ್ಲೋ ಹಾಲುಣಿಸುವ ಅವಧಿಯಲ್ಲೋ ಆಕೆಗೆ ಸೋಂಕು ತಗಲಬಹುದು. ಹೊಸ ಸೋಂಕಿನಲ್ಲಿ ವೈರಲ್ ಲೋಡ್ ಅತಿ ಹೆಚ್ಚಾಗಿರುವುದರಿಂದ ಮಗುವಿಗೆ ಅಪಾಯವೂ ಹೆಚ್ಚು. ಆದ್ದರಿಂದ ಗಂಡನ ಪರೀಕ್ಷೆಯೂ ಮೊದಲ ತಪಾಸಣೆಯ ಭಾಗವಾಗಬೇಕು, ಅಪಾಯದ ಸಾಧ್ಯತೆ ಇರುವವರಿಗೆ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಬೇಕು.